ಬೆಳಿಗ್ಗೆ ಏಳಕ್ಕೆ ಗುಡ್ಡ ಎಲ್ಲಿ ಹೋಗಿತ್ತು?

ಡಿಸೆಂಬರ್ ಕೊನೆಯ ವಾರ. ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಯ ಮಾಳಿಗೆ ಹತ್ತಿ ಬೆಳಿಗ್ಗೆ ಏಳಕ್ಕೆ ನಿಂತರೆ, ಮೋಕಾ ರಸ್ತೆಯ ದಿಕ್ಕಿಗೆ ಇರಬೇಕಾದ ಸಂಗನಕಲ್ಲಿನ ಗುಡ್ಡಗಳು ಇರುವುದಿಲ್ಲ. ಊರಿಂದ ಐದಾರು ಕಿಲೋಮೀಟರ್ ದೂರದ ಗುಡ್ಡಗಳು ಅವು. ಹಿಂದಕ್ಕೆ ತಿರುಗಿದರೆ ಬಳ್ಳಾರಿ ಗುಡ್ಡ ಇದೆ, ಆದರೆ ಒದ್ದೆ ಬಟ್ಟೆಯಲ್ಲಿ ಅರ್ಧ ಒರೆಸಿದ ಸ್ಲೇಟಿನ ಚಿತ್ರದ ಹಾಗೆ. ಬಂಡೆ ಎಲ್ಲಿ ಮುಗಿಯಿತು, ಕೋಟೆಗೋಡೆ ಎಲ್ಲಿ ಶುರುವಾಯಿತು ಎಂದು ಗೆರೆ ಹಿಡಿದು ಹೇಳಲಾಗದು. ಪಕ್ಕದ ಮಾಳಿಗೆಯಲ್ಲಿ ತುಳಸಿಗೆ ನೀರು ಹಾಕುವವರು ದಿನಾ ಹೇಳುವ ಮಾತು ಒಂದೇ: "ಮಂಜು ಭಾಳ ಬಿದ್ದೈತೆ ಸಾರ್ ಇವತ್ತು." ಒಂಬತ್ತೂವರೆಗೆ ಬೀದಿಗಿಳಿಯುವ ಹೊತ್ತಿಗೆ ಗುಡ್ಡಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ವಾಪಸು ಬಂದಿರುತ್ತವೆ.

ಅದು ಮಂಜು ಹೌದೇ ಎಂದು ನೋಡುವುದಕ್ಕೆ ಯಂತ್ರ ಬೇಡ. ಪ್ಯಾರಾಪೆಟ್ ಗೋಡೆಯ ಮೇಲೆ ಅಂಗೈ ಇಟ್ಟು ಎಳೆಯಿರಿ. ಮಂಜು ಬಿದ್ದಿದ್ದರೆ ಕೈ ಒದ್ದೆಯಾಗಬೇಕು, ಮೋಟಾರು ಬೈಕಿನ ಸೀಟಿನ ಮೇಲೆ ಇಬ್ಬನಿ ಸಾಲುಗಟ್ಟಿರಬೇಕು. ನನ್ನ ಅಂಗೈಗೆ ಹತ್ತುವುದು ಹೆಚ್ಚಿನ ದಿನ ಒಣ ಧೂಳು. ಆಮೇಲೆ ಮೂಗಿನಿಂದ ದೀರ್ಘವಾಗಿ ಒಂದು ಉಸಿರೆಳೆಯಿರಿ. ಮಂಜಿಗೆ ವಾಸನೆಯಿಲ್ಲ. ನಮ್ಮ ಬೀದಿಯ ಈ ಬಿಳುಪಿಗೆ ಜಾಲಿ ಕಟ್ಟಿಗೆಯ ಖಾರ ವಾಸನೆ ಇದೆ, ಅದರ ಅಡಿಯಲ್ಲಿ ಎಲ್ಲೋ ಕಸ ಸುಟ್ಟ ಪ್ಲಾಸ್ಟಿಕ್ಕಿನ ಕಮಟು. ಇದು ಹೊಗೆ. ಇಡೀ ಬಡಾವಣೆ ಮೈಮೇಲೆ ಎಳೆದುಕೊಂಡು ಕೂತ, ನಮ್ಮದೇ ಹೊಗೆ.

ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ ಎಂದು ಹೊರಗಿನವರು ನಗುತ್ತಾರೆ. ಆ ಎರಡರ ನಡುವೆ ನುಸುಳುವ ಎರಡು ತಿಂಗಳ ಚಳಿಯಲ್ಲಿ ನಮಗೂ ಬಿಸಿನೀರು ಬೇಕು. ಗ್ಯಾಸ್ ಬಂದು ಎಷ್ಟೋ ವರ್ಷವಾದರೂ ಅಡುಗೆಮನೆಯಿಂದ ಹೊರಬಿದ್ದ ಕಟ್ಟಿಗೆ ಪೂರ್ತಿ ಮನೆ ಬಿಟ್ಟು ಹೋಗಲಿಲ್ಲ, ಹಿತ್ತಲಿಗೆ ಹೋಗಿ ಬಚ್ಚಲ ಒಲೆಯ ಮುಂದೆ ಕೂತಿತು. ಚಹಾ ಗ್ಯಾಸಿನ ಮೇಲೆ, ಸ್ನಾನದ ನೀರು ಕಟ್ಟಿಗೆಯ ಮೇಲೆ. ಆ ಹಂಡೆಯೊಲೆಗಳೆಲ್ಲ ಹೊತ್ತಿಕೊಳ್ಳುವುದು ಬೆಳಿಗ್ಗೆ ಐದೂವರೆಯಿಂದ ಏಳೂವರೆಯ ನಡುವೆ. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹೊಗೆ ಬಿಡಲು ಅತ್ಯಂತ ಕೆಟ್ಟ ಎರಡು ಗಂಟೆ ಯಾವುದು ಎಂದು ಹವಾಮಾನ ಬಲ್ಲವರನ್ನು ಕೇಳಿದರೆ ಅವರು ತೋರಿಸುವುದೂ ಇದೇ ಹೊತ್ತನ್ನು. ಏಕೆ ಎನ್ನುವುದೇ ಈ ಪಾಠ.

ಶಾಲೆಯಲ್ಲಿ ಕಲಿತದ್ದು ನೆನಪಿರಬಹುದು: ಮೇಲೆ ಹೋದಷ್ಟೂ ಗಾಳಿ ತಣ್ಣಗಾಗುತ್ತದೆ, ಒಂದು ಕಿಲೋಮೀಟರಿಗೆ ಸರಾಸರಿ 6.5 ಡಿಗ್ರಿಯಂತೆ. ಹಗಲು ಹೊತ್ತಿನಲ್ಲಿ ಇದು ನಿಜ. ಬಿಸಿಲಿಗೆ ನೆಲ ಕಾಯುತ್ತದೆ, ನೆಲಕ್ಕೆ ತಾಗಿದ ಗಾಳಿ ಕಾದು ಹಗುರಾಗಿ ಮೇಲೇಳುತ್ತದೆ, ಮೇಲಿನದು ಕೆಳಗಿಳಿಯುತ್ತದೆ. ಒಲೆಯ ಮೇಲಿನ ಹಂಡೆಯಲ್ಲಿ ನೀರು ಮಗುಚಿ ಮಗುಚಿ ಕುದಿಯುವಂತೆ ಗಾಳಿಯೂ ಮಗುಚುತ್ತದೆ. ಆ ಮಗುಚುವಿಕೆಗೆ ಸಿಕ್ಕ ಹೊಗೆ ಒಂದೂವರೆ, ಎರಡು ಕಿಲೋಮೀಟರ್ ಎತ್ತರದವರೆಗೆ ಹರಡಿ ತೆಳುವಾಗುತ್ತದೆ.

ರಾತ್ರಿ ಹಂಡೆಯ ಕೆಳಗಿನ ಉರಿ ಆರುತ್ತದೆ. ಮೋಡವಿಲ್ಲದ ಚಳಿಗಾಲದ ರಾತ್ರಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ, ಹಿಡಿದುಕೊಳ್ಳಲು ಮೋಡದ ಕಂಬಳಿ ಇರುವುದಿಲ್ಲ. ನೆಲ ತಣ್ಣಗಾದಂತೆ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ಅದರ ಮೇಲಿನ ಗಾಳಿ ಮಾತ್ರ ಇನ್ನೂ ನಿನ್ನೆ ಸಂಜೆಯ ಬೆಚ್ಚಗಿನದೇ. ಹೀಗೆ ಕೆಳಗೆ ತಣ್ಣಗೆ, ಮೇಲೆ ಬೆಚ್ಚಗೆ ಎಂಬ ತಲೆಕೆಳಗಾದ ಸ್ಥಿತಿ ಬರುತ್ತದೆ. ಭೂಗೋಳದ ಪುಸ್ತಕಗಳಲ್ಲಿ ಇದಕ್ಕೆ ಉಷ್ಣಾಂಶದ ವಿಲೋಮತೆ ಎಂದು ಹೆಸರು. ಮಕ್ಕಳಿಗೆ ಪಾಠ ಹೇಳುವಾಗ ನಾನು ಇದನ್ನು ಮುಚ್ಚಳ ಎನ್ನುತ್ತೇನೆ. ತಣ್ಣನೆಯ ಗಾಳಿ ಭಾರ, ಅದು ಏಳುವುದಿಲ್ಲ. ಒಲೆಯಿಂದ ಬಿಸಿಯಾಗಿ ಹೊರಟ ಹೊಗೆ ಒಂದಷ್ಟು ಎತ್ತರ ಏರುತ್ತದೆ, ಅಷ್ಟರಲ್ಲಿ ತಾನೂ ತಣ್ಣಗಾಗುತ್ತದೆ, ಮೇಲಿರುವ ಬೆಚ್ಚನೆಯ ಪದರವನ್ನು ತೂರಿ ಹೋಗುವ ಶಕ್ತಿ ಉಳಿಯದೆ ಅಡ್ಡಕ್ಕೆ ಹಾಸಿಕೊಳ್ಳುತ್ತದೆ. ಚಳಿಗಾಲದ ಬೆಳಗಿನಲ್ಲಿ ಈ ಮುಚ್ಚಳ ನೂರಿನ್ನೂರು ಮೀಟರ್ ಎತ್ತರದಲ್ಲೇ ಕೂತಿರುತ್ತದೆ.

ಮುಚ್ಚಳ ಕಣ್ಣಿಗೆ ಕಾಣದು, ಕಿವಿಗೆ ಕೇಳುತ್ತದೆ. ಹಗಲಿನಲ್ಲಿ ನಮ್ಮ ಮಾಳಿಗೆಗೆ ಕೇಳದ ರೈಲಿನ ಕೂಗು ಚಳಿಗಾಲದ ನಸುಕಿನಲ್ಲಿ ಪಕ್ಕದ ಓಣಿಯಲ್ಲೇ ರೈಲು ನಿಂತಂತೆ ಕೇಳುತ್ತದೆ. ಊರು ಸದ್ದಿಲ್ಲದೆ ಮಲಗಿರುವುದು ಒಂದು ಕಾರಣ. ಬೆಚ್ಚನೆಯ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು ಎಂಬುದು ಇನ್ನೊಂದು. ಮೇಲಕ್ಕೆ ಹೊರಟ ಸದ್ದನ್ನು ಮೇಲಿನ ಬೆಚ್ಚನೆಯ ಪದರ ಬಾಗಿಸಿ ಮತ್ತೆ ನೆಲದ ಕಡೆಗೆ ತಿರುಗಿಸುತ್ತದೆ. ಹೊಗೆಯನ್ನು ಹಿಡಿದಿಡುವ ಪದರವೇ ರೈಲಿನ ಕೂಗನ್ನೂ ನಮಗೆ ತಲುಪಿಸುತ್ತಿದೆ. ರೈಲು ಹತ್ತಿರದಲ್ಲಿ ಕೂಗಿದ ಬೆಳಿಗ್ಗೆ ಗುಡ್ಡ ಕಾಣುವುದು ಕಷ್ಟ ಎಂಬುದು ನನ್ನ ಅನುಭವ. ಇನ್ನೂ ಅನುಮಾನವಿದ್ದರೆ ಒಂದು ಊದುಬತ್ತಿ ಹಚ್ಚಿ ಮಾಳಿಗೆಯ ಮೇಲಿಡಿ. ಏಳಕ್ಕೆ ಅದರ ಎಳೆ ಒಂದಿಷ್ಟು ಏರಿ, ಬಾಗಿ, ಹರಿಯದ ನೂಲಿನಂತೆ ಪಕ್ಕಕ್ಕೆ ಸರಿಯುತ್ತದೆ. ಮಧ್ಯಾಹ್ನ ಎರಡಕ್ಕೆ ಅದೇ ಎಳೆ ಗೇಣುದ್ದಕ್ಕೇ ಚಿಂದಿಯಾಗುತ್ತದೆ.

ಈಗ ಒಂದು ಲೆಕ್ಕ. ಲೆಕ್ಕ ಎಂದಕೂಡಲೇ ಪುಟ ತಿರುಗಿಸಬೇಡಿ, ಗುಣಾಕಾರ ಭಾಗಾಕಾರ ಬಿಟ್ಟು ಬೇರೇನೂ ಇಲ್ಲ. ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲದ ಬಡಾವಣೆ ಎಂದಿಟ್ಟುಕೊಳ್ಳಿ. ಅದರಲ್ಲಿ 1,000 ಮನೆಯವರು ಬೆಳಿಗ್ಗೆ ತಲಾ 2 ಕಿಲೋ ಕಟ್ಟಿಗೆ ಉರಿಸುತ್ತಾರೆ. ಸಾಮಾನ್ಯ ಒಲೆಯಲ್ಲಿ ಒಂದು ಕಿಲೋ ಕಟ್ಟಿಗೆ ಉರಿದರೆ ಸುಮಾರು 5 ಗ್ರಾಂ ಸೂಕ್ಷ್ಮ ಕಣ ಹೊರಬರುತ್ತದೆ ಎಂದು ಹಿಡಿಯೋಣ. ಒಟ್ಟು 10 ಕಿಲೋ ಕಣ, ಅಂದರೆ 1,000 ಕೋಟಿ ಮೈಕ್ರೋಗ್ರಾಂ. ಗಾಳಿ ನಿಂತಿದೆ, ಮುಚ್ಚಳ 100 ಮೀಟರ್ ಎತ್ತರದಲ್ಲಿದೆ. ಆ ಡಬ್ಬಿಯೊಳಗಿನ ಗಾಳಿ 10 ಕೋಟಿ ಘನಮೀಟರ್. ಭಾಗಿಸಿದರೆ ಒಂದು ಘನಮೀಟರ್ ಗಾಳಿಯಲ್ಲಿ 100 ಮೈಕ್ರೋಗ್ರಾಂ. ಇದೇ ಕಟ್ಟಿಗೆಯನ್ನು ಇದೇ ಒಲೆಗಳಲ್ಲಿ ಮಧ್ಯಾಹ್ನ ಉರಿಸಿ. ಆಗ ಮುಚ್ಚಳ 1,500 ಮೀಟರ್‌ನಲ್ಲಿದೆ. ಉತ್ತರ 7 ಮೈಕ್ರೋಗ್ರಾಂಗೂ ಕಡಿಮೆ. ನಮ್ಮ ದೇಶದಲ್ಲಿ ಇಂಥ ಸೂಕ್ಷ್ಮ ಕಣಗಳ 24 ಗಂಟೆಯ ಸರಾಸರಿಗೆ ಇಟ್ಟ ಮಿತಿ 60. ಒಲೆ, ಕಟ್ಟಿಗೆ, ಮನೆ ಯಾವುದೂ ಬದಲಾಗಲಿಲ್ಲ. ಬದಲಾದದ್ದು ಗಡಿಯಾರ.

ಗಾಳಿ ಬೀಸಿದರೆ ಈ ಲೆಕ್ಕ ಕೆಡುತ್ತದೆ, ಕೆಡಲಿ ಎಂದೇ ನಾವು ಕಾಯುವುದು. ಗಂಟೆಗೆ 4 ಕಿಲೋಮೀಟರ್ ವೇಗದ ಗಾಳಿಗೆ, ಅಂದರೆ ಮನುಷ್ಯ ನಡೆಯುವಷ್ಟು ನಿಧಾನದ್ದಕ್ಕೆ, ಆ ಬಡಾವಣೆಯನ್ನು ದಾಟಲು ಕಾಲು ಗಂಟೆ ಬೇಕು. ಆಷಾಢದ ಗಾಳಿ 20 ಕಿಲೋಮೀಟರ್ ವೇಗದಲ್ಲಿ ಬಂದರೆ ಮೂರು ನಿಮಿಷ ಸಾಕು. ಆಷಾಢದಲ್ಲಿ ಹೊಗೆಯ ಬಗ್ಗೆ ನಮ್ಮೂರಿನಲ್ಲಿ ಯಾರೂ ಮಾತಾಡದಿರುವುದಕ್ಕೆ ಇದೇ ಕಾರಣ. ಆಗ ಮಾತೆಲ್ಲ ಹಾರಿ ಹೋದ ತಗಡಿನ ಬಗ್ಗೆ, ಕಣ್ಣಿಗೆ ಬಿದ್ದ ಮಣ್ಣಿನ ಬಗ್ಗೆ.

ಒಲೆಯ ಹತ್ತಿರ ಸ್ವಲ್ಪ ಹೊತ್ತು ಕೂರೋಣ. ಕಟ್ಟಿಗೆ ಹೆಚ್ಚಾಗಿ ಬಳ್ಳಾರಿ ಜಾಲಿ. ಕರ್ನಾಟಕದ ಬಯಲುಸೀಮೆಯೆಲ್ಲ ಆ ಮರವನ್ನು ನಮ್ಮೂರ ಹೆಸರಿನಿಂದಲೇ ಕರೆಯುತ್ತದೆ, ಮರದ ತವರು ಮಾತ್ರ ದೂರದ ಅಮೆರಿಕ ಖಂಡ. ಕೆರೆಯಂಗಳ, ಹಳ್ಳದ ದಂಡೆ, ಪಾಳುಬಿದ್ದ ಹೊಲ ಎಲ್ಲಿ ಬೇಕಾದರೂ ಏಳುತ್ತದೆ, ಕಡಿದಷ್ಟೂ ಚಿಗುರುತ್ತದೆ. ಅದರ ಜೊತೆಗೆ ಹಳ್ಳಿಯ ಕಡೆಯಿಂದ ಬಂದ ಹತ್ತಿಕಟ್ಟಿಗೆ, ಮೆಣಸಿನ ಗಿಡದ ಕಟ್ಟಿಗೆ. ಜೀನ್ಸ್ ಹೊಲಿಯುವ ಓಣಿಗಳಲ್ಲಿ ಚಿಂದಿಗೂ ಬರವಿಲ್ಲ. ಒಲೆ ಹೊತ್ತಿಸಲು ಒಂದು ತುಂಡು ಡೆನಿಮ್ ತುರುಕುವುದನ್ನು ನಾನೇ ಕಂಡಿದ್ದೇನೆ. ದಯವಿಟ್ಟು ಬೇಡ, ಎಳೆದರೆ ಹಿಗ್ಗುವ ಜೀನ್ಸ್‌ನಲ್ಲಿ ಕೃತಕ ನೂಲೂ ಇರುತ್ತದೆ, ಅದರ ಹೊಗೆ ಜಾಲಿಯದ್ದಕ್ಕಿಂತ ಕೆಟ್ಟದು.

ಕಡ್ಡಿ ಗೀರಿದ ಮೊದಲ ಹತ್ತು ನಿಮಿಷ ನೋಡಿ. ಉರಿ ಇನ್ನೂ ಹಿಡಿದಿಲ್ಲ, ಕಟ್ಟಿಗೆಯ ತುದಿಯಲ್ಲಿ ನೀರು ಬುಸುಗುಟ್ಟುತ್ತಿದೆ. ದಪ್ಪನೆಯ ಬಿಳಿ ಹೊಗೆ ಒಲೆಯ ಬಾಯಿಂದ ಹೊರಟು, ತೊಲೆಯ ಎತ್ತರಕ್ಕೆ ಹೋಗಿ, ಮನಸ್ಸು ಬದಲಾಯಿಸಿದಂತೆ ಕಿಟಕಿಯಿಂದ ಹೊರಬಿದ್ದು ಕಾಂಪೌಂಡಿನ ಪಕ್ಕದಲ್ಲೇ ಸರಿಯುತ್ತದೆ. ಆ ಬಿಳುಪೆಲ್ಲ ಆವಿಯಾಗಿ ಹೊರಬಂದು, ಉರಿಯುವ ಮೊದಲೇ ತಣ್ಣಗಾಗಿ ಹನಿಗಟ್ಟಿದ ಕಟ್ಟಿಗೆಯ ಎಣ್ಣೆ, ರಾಳ, ನೀರು. ಹೊಗೆ ಎಂದರೆ ಉರಿಯದೆ ತಪ್ಪಿಸಿಕೊಂಡ ಕಟ್ಟಿಗೆ. ಉರಿ ಜಗ್ಗಿ ಹತ್ತಿತೆಂದರೆ ಆ ಆವಿಯೇ ಉರಿಯಾಗುತ್ತದೆ, ಬಿಳುಪು ಹೋಗಿ ತೆಳುವಾದ ನೀಲಿ ಎಳೆ ಉಳಿಯುತ್ತದೆ, ಹಂಡೆಯ ತಳಕ್ಕೆ ಮಸಿ ಹತ್ತುತ್ತದೆ. ಹಸಿ ಕಟ್ಟಿಗೆಯಾದರೆ ಅರ್ಧ ಉರಿ ನೀರನ್ನು ಓಡಿಸುವುದರಲ್ಲೇ ಮುಗಿಯುತ್ತದೆ, ಬಿಳಿ ಹೊಗೆಯ ಹತ್ತು ನಿಮಿಷ ಅರ್ಧ ಗಂಟೆಯಾಗುತ್ತದೆ. ನಮ್ಮಜ್ಜಿ ಬೇಸಿಗೆಯಲ್ಲೇ ಕಟ್ಟಿಗೆ ಸೀಳಿಸಿ ಮಾಳಿಗೆಗೆ ಏರಿಸುತ್ತಿದ್ದಳು. ಅವಳಿಗೆ ಉಷ್ಣಾಂಶದ ವಿಲೋಮತೆ ಗೊತ್ತಿರಲಿಲ್ಲ, ಕಣ್ಣುರಿ ಗೊತ್ತಿತ್ತು.

ಒಂದು ಅಡ್ಡಮಾತು. ಹಳಗನ್ನಡದಲ್ಲಿ ಹೊಗೆಗೆ ಪೊಗೆ ಎನ್ನುತ್ತಿದ್ದರು. ನಮ್ಮ ಬೀದಿಯ ತೆಲುಗು ಮನೆಗಳಲ್ಲಿ ಇಂದಿಗೂ ಪೊಗ. ಮಂಜು ಅವರಿಗೆ ಮಂಚು. ಹೀಗೆ ಈ ಊರಿನ ಬೆಳಗಿನ ಜಗಳ ಎರಡು ಭಾಷೆಯಲ್ಲೂ ಒಂದೇ: ಕಾಣುತ್ತಿರುವುದು ಪೊಗೆಯೋ, ಮಂಚೋ.

ಇನ್ನು ಗುಡ್ಡ ಮರೆಯಾಗುವುದು ಹೇಗೆ? 10 ಕಿಲೋ ಕಣ ಎಂದೆನಲ್ಲ, ಒಂದು ಸಣ್ಣ ಮೂಟೆಗೆ ಹಿಡಿಸುವಷ್ಟು. ಅಷ್ಟರಿಂದ ಒಂದು ಗುಡ್ಡವನ್ನೇ ಅಳಿಸಲು ಸಾಧ್ಯವೇ ಎಂದು ಮಕ್ಕಳು ಕೇಳುತ್ತಾರೆ. ಸಾಧ್ಯ, ಏಕೆಂದರೆ ಈ ಕಣಗಳ ಗಾತ್ರ ಬೆಳಕಿಗೆ ಹೇಳಿ ಮಾಡಿಸಿದಂತಿದೆ. ಕಣ್ಣಿಗೆ ಕಾಣುವ ಬೆಳಕಿನ ತರಂಗದ ಉದ್ದ ಒಂದು ಮೈಕ್ರಾನಿನ ಅರ್ಧದ ಆಸುಪಾಸು. ಒಲೆಯ ಹೊಗೆಯ ಕಣಗಳೂ ಹೆಚ್ಚುಕಡಿಮೆ ಅದೇ ಅಳತೆಯವು. ತನ್ನಷ್ಟೇ ಗಾತ್ರದ ಕಣ ಎದುರಾದಾಗ ಬೆಳಕು ಅತಿ ಹೆಚ್ಚು ಚದುರುತ್ತದೆ. ಗುಡ್ಡದಿಂದ ನಮ್ಮ ಕಡೆ ಹೊರಟ ಬೆಳಕು ದಾರಿಯಲ್ಲಿ ಚದುರಿ ಹೋಗುತ್ತದೆ, ಸೂರ್ಯನ ಬೆಳಕು ದಾರಿಯಲ್ಲಿ ಚದುರಿ ನಮ್ಮ ಕಣ್ಣಿಗೆ ಸೇರಿಕೊಳ್ಳುತ್ತದೆ. ಗುಡ್ಡದ ಕಪ್ಪು ತೆಳುವಾಗುತ್ತಾ, ಆಕಾಶದ ಬಿಳುಪಿಗೂ ಅದಕ್ಕೂ ನಡುವಿನ ವ್ಯತ್ಯಾಸ ನೂರರಲ್ಲಿ ಎರಡು ಪಾಲಿಗೆ ಇಳಿದಾಗ ಕಣ್ಣು ಕೈಚೆಲ್ಲುತ್ತದೆ. ಕೋಶ್‌ಮೀಡರ್ ಎಂಬ ಜರ್ಮನ್ ವಿಜ್ಞಾನಿ 1924ರಲ್ಲಿ ಇದನ್ನು ಸೂತ್ರಕ್ಕಿಳಿಸಿದ. ಆ ಸೂತ್ರಕ್ಕೆ ನಮ್ಮ 100 ಮೈಕ್ರೋಗ್ರಾಂ ಒಣ ಹೊಗೆಯನ್ನು ಹಾಕಿದರೆ ನೋಟ ಸುಮಾರು 10 ಕಿಲೋಮೀಟರ್‌ಗೆ ಇಳಿಯುತ್ತದೆ. ಹಾಗಾದರೆ ಆರು ಕಿಲೋಮೀಟರಿನ ಸಂಗನಕಲ್ಲು ಮಸುಕಾಗಿಯಾದರೂ ಕಾಣಬೇಕಿತ್ತಲ್ಲ?

ಇಲ್ಲಿ ತೇವ ಬರುತ್ತದೆ. ಮಂಜು ಇಲ್ಲದಿದ್ದರೂ ನಸುಕಿನ ತಂಪು ಗಾಳಿಯಲ್ಲಿ ತೇವ ಹೆಚ್ಚು. ಮಳೆಗಾಲದಲ್ಲಿ ಉಪ್ಪು ಒದ್ದೆಯಾಗುವಂತೆ ಹೊಗೆಯ ಎಷ್ಟೋ ಕಣಗಳು ತೇವ ಕುಡಿದು ಊದಿಕೊಳ್ಳುತ್ತವೆ. ಊದಿದ ಕಣ ಬೆಳಕನ್ನು ಎರಡು ಪಟ್ಟು ಚದುರಿಸಿದರೂ ಸಾಕು, 10 ಕಿಲೋಮೀಟರಿನ ನೋಟ 5ಕ್ಕೆ ಬರುತ್ತದೆ. ಸಂಗನಕಲ್ಲು ಹೋಯಿತು, ಹತ್ತಿರದ ಬಳ್ಳಾರಿ ಗುಡ್ಡ ಅರ್ಧ ಉಳಿಯಿತು. ಪಕ್ಕದ ಮನೆಯವರ ಮಾತು ಹಾಗಾಗಿ ಪೂರ್ತಿ ಸುಳ್ಳಲ್ಲ, ಮಂಜಿನ ಪಾಲು ಅದರಲ್ಲಿದೆ. ಹವಾಮಾನದವರು ಮಂಜು ಎಂಬ ಪದವನ್ನು ನೋಟ ಒಂದು ಕಿಲೋಮೀಟರಿಗಿಂತ ಕಡಿಮೆಯಾದಾಗ ಮಾತ್ರ ಬಳಸುತ್ತಾರೆ ಎಂಬುದನ್ನು ಅವರಿಗೆ ಹೇಳಿ ನೋಡಿದೆ. ತುಳಸಿಗೆ ನೀರು ಹಾಕುವುದನ್ನು ಅವರು ನಿಲ್ಲಿಸಲಿಲ್ಲ.

ನಮ್ಮ ಜಿಲ್ಲೆಯ ಹೆಸರು ಕೇಳಿದರೆ ಹೊರಗಿನವರಿಗೆ ನೆನಪಾಗುವುದು ಅದಿರಿನ ಕೆಂಧೂಳು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನು ನಿಲ್ಲಿಸುವವರೆಗೆ ಸಂಡೂರು, ತೋರಣಗಲ್ಲು ಕಡೆಯ ರಸ್ತೆಗಳಲ್ಲಿ ಗಿಡದೆಲೆಯ ಬಣ್ಣವೇ ಬದಲಾಗಿತ್ತು. ಆ ಧೂಳನ್ನು ನೋಡಲು ಪಾಠ ಬೇಕಿರಲಿಲ್ಲ, ಬಿಳಿ ಅಂಗಿ ಸಾಕಿತ್ತು. ಆದರೆ ಧೂಳಿನ ಕಣ ದೊಡ್ಡದು, ಬಹುಪಾಲು ಬೇಗ ಕೆಳಗೆ ಬೀಳುತ್ತದೆ, ಮೂಗು ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಒಲೆಯ ಹೊಗೆಯ ಕಣ 2.5 ಮೈಕ್ರಾನಿಗಿಂತ ಎಷ್ಟೋ ಚಿಕ್ಕದು, ತಲೆಗೂದಲಿನ ದಪ್ಪದಲ್ಲಿ ನೂರಕ್ಕೊಂದು ಪಾಲು. ದಿನಗಟ್ಟಲೆ ತೇಲುತ್ತದೆ, ಶ್ವಾಸಕೋಶದ ಕೊನೆಯ ಚೀಲದವರೆಗೆ ಇಳಿಯುತ್ತದೆ. ಧೂಳು ನಮ್ಮನ್ನು ಸಿಟ್ಟಿಗೆಬ್ಬಿಸುತ್ತದೆ, ಹೊಗೆ ನಮಗೆ ಮನೆಯವರಂತೆ ರೂಢಿಯಾಗಿದೆ. ನನ್ನ ಲೆಕ್ಕದಲ್ಲಿ ಬಳ್ಳಾರಿಯವರು ಕಡಿಮೆ ಹೆದರಿದ್ದು ಎರಡನೆಯದಕ್ಕೆ.

ರೂಢಿ ಹಳೆಯದು ಬೇರೆ. ನಾವು ಮಾಳಿಗೆಯಿಂದ ಹುಡುಕುತ್ತಿರುವ ಸಂಗನಕಲ್ಲು, ಕಪ್ಪಗಲ್ಲಿನ ಗುಡ್ಡಗಳ ಮೇಲೆ ನವಶಿಲಾಯುಗದ ಜನ ಬದುಕಿದ್ದರು, ನಾಲ್ಕೈದು ಸಾವಿರ ವರ್ಷಗಳ ಹಿಂದೆ. ಆ ಕಾಲದ ಬೂದಿದಿಬ್ಬಗಳು ಕಪ್ಪಗಲ್ಲಿನ ಹತ್ತಿರವೂ ಕುಡತಿನಿಯಲ್ಲೂ ಇವೆ. ಹಂಪಿಯ ಹತ್ತಿರ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಎಂದರು. ಇವೆಲ್ಲ ದನದ ಸಗಣಿಯನ್ನು ರಾಶಿರಾಶಿಯಾಗಿ ಸುಟ್ಟು ಉಳಿದ ಬೂದಿ ಎಂದು ಪುರಾತತ್ವದವರು ತೋರಿಸಿಕೊಟ್ಟರು. ಇದನ್ನು ವಾದಿಸಿದ ಪುರಾತತ್ವಜ್ಞ ಆಲ್ಚಿನ್ ಅವರ ಪುಸ್ತಕ 1963ರದು. ಬೂದಿದಿಬ್ಬದಷ್ಟು ಬೂದಿ ಉಳಿದಿದ್ದರೆ ಆ ಬೆಂಕಿ ಬಿಟ್ಟ ಹೊಗೆ ಎಷ್ಟಿರಬಹುದು ಎಂದು ಯೋಚಿಸಿ. ಬಳ್ಳಾರಿಯಲ್ಲೇ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯವಿದೆ, ಮಕ್ಕಳನ್ನು ಕರೆದುಕೊಂಡು ಹೋಗಿ. ಆ ಬೂದಿದಿಬ್ಬಗಳ ಕಾಲದಲ್ಲೂ ಚಳಿಗಾಲದ ನಸುಕಿನಲ್ಲಿ ಇಂಥದೇ ಮುಚ್ಚಳ ಇದ್ದಿರಬೇಕು.

ಅದೇ ಕುಡತಿನಿಯಲ್ಲಿ ಈಗ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳಿವೆ. ಅವು ಸುಡುವ ಕಲ್ಲಿದ್ದಲಿನ ಮುಂದೆ ನಮ್ಮ ಹಂಡೆ ಒಲೆ ಯಾವ ಲೆಕ್ಕ ಎಂದು ಕೇಳುವವರಿಗೆ ನಾನು ಎತ್ತರ ತೋರಿಸುತ್ತೇನೆ. ಆ ಚಿಮಣಿ 200 ಮೀಟರಿಗೂ ಮಿಕ್ಕಿ ಎದ್ದು, ಎಷ್ಟೋ ನಸುಕುಗಳಲ್ಲಿ ಮುಚ್ಚಳದ ಮೇಲೆ ಬಾಯಿ ತೆರೆದಿರುತ್ತದೆ. ಅದರ ಹೊಗೆ ಆಕಾಶದಲ್ಲಿ ಚಪ್ಪಟೆ ರಿಬ್ಬನ್ನಿನಂತೆ ದೂರ ಹೋಗುತ್ತದೆ, ಬಿಸಿಲೇರಿ ಗಾಳಿ ಮಗುಚತೊಡಗಿದ ಮೇಲೆ ಎಲ್ಲೋ ಬೇರೆಯವರ ಮೇಲೆ ಇಳಿಯುತ್ತದೆ. ಅವರಿಗೆ ಅದು ಸಣ್ಣ ತೊಂದರೆಯೇನಲ್ಲ. ನಮ್ಮ ಬಚ್ಚಲ ಕಿಟಕಿ ಆರಡಿ ಎತ್ತರದಲ್ಲಿದೆ. ಅಲ್ಲಿಂದ ಹೊರಟದ್ದು ನೇರ ಪಕ್ಕದ ಮನೆಯ ಮಗುವಿನ ಮೂಗಿಗೆ.

ಸಿರುಗುಪ್ಪದ ಕಡೆ ಕಥೆ ಸ್ವಲ್ಪ ಬೇರೆ. ತುಂಗಭದ್ರಾ ಕಾಲುವೆಯ ನೀರು ನಿಂತ ಭತ್ತದ ಗದ್ದೆಗಳು ರಾತ್ರಿಯೆಲ್ಲ ಗಾಳಿಗೆ ತೇವ ಕೊಡುತ್ತವೆ, ಅಲ್ಲಿ ನಿಜವಾದ ಮಂಜೂ ಬೀಳುತ್ತದೆ. ನವೆಂಬರ್, ಡಿಸೆಂಬರ್ ಕೊಯ್ಲಿನ ಹೊತ್ತು. ಯಂತ್ರದಲ್ಲಿ ಕೊಯ್ದ ಗದ್ದೆಯಲ್ಲಿ ಉಳಿದ ಕೂಳೆಗೂ ಹುಲ್ಲಿಗೂ ಕೆಲವರು ಬೆಂಕಿ ಇಡುತ್ತಾರೆ. ಗಾಳಿ ನಿಂತ ಮೇಲೆ ಇಟ್ಟರೆ ಬೆಂಕಿ ಪಕ್ಕದ ಗದ್ದೆಗೆ ಹಾರುವುದಿಲ್ಲ ಎಂದು ಸಂಜೆ ಐದೂವರೆಗೆ ಕಡ್ಡಿ ಗೀರುತ್ತಾರೆ. ಅವರ ಜಾಣತನ ಅವರ ಗದ್ದೆಗೆ ಸರಿ, ಆದರೆ ಮುಚ್ಚಳ ಬೀಳತೊಡಗುವುದೂ ಅದೇ ಹೊತ್ತಿಗೆ. ಮಧ್ಯಾಹ್ನ ಮೂರಕ್ಕೆ ಇಟ್ಟಿದ್ದರೆ ಕಂಬದಂತೆ ಏಳುತ್ತಿದ್ದ ಹೊಗೆ ಸಂಜೆ ಚಾಪೆಯಂತೆ ಹಾಸುತ್ತದೆ, ರಾತ್ರಿಯ ತೇವ ಅದಕ್ಕೆ ಸೇರುತ್ತದೆ. ಬೆಳಿಗ್ಗೆ ಆರಕ್ಕೆ ಸಿರುಗುಪ್ಪದಿಂದ ಬಳ್ಳಾರಿಗೆ 150ಎ ಹೆದ್ದಾರಿಯಲ್ಲಿ ಬರುವ ಬಸ್ಸಿನ ಡ್ರೈವರ್ ಹೆಡ್‌ಲೈಟನ್ನು ತಗ್ಗಿಸಿಯೇ ಓಡಿಸುತ್ತಾನೆ. ಜೋರು ಬೆಳಕು ಹಾಕಿದರೆ ಅದು ಎದುರಿನ ಬಿಳಿ ಗೋಡೆಗೆ ಬಡಿದು ಅವನ ಕಣ್ಣಿಗೇ ಬರುತ್ತದೆ. ಬೆಳಕು ಚದುರುವ ಪಾಠ ಅವನಿಗೆ ಬಾಯಿಪಾಠ. ಕುರುಗೋಡಿನ ಕಥೆ ಇನ್ನೊಂದು ಬಗೆ, ಅದು ಬೋಳು ಬಂಡೆಗುಡ್ಡಗಳ ಬುಡದ ಊರು. ಇಂಥ ಕಡೆ ರಾತ್ರಿ ತಣ್ಣಗಾದ ಭಾರದ ಗಾಳಿ ಇಳಿಜಾರಿನಲ್ಲಿ ನೀರಿನಂತೆ ಜಾರಿ ತಗ್ಗಿಗೆ ಸೇರುತ್ತದೆ. ಹೊಗೆಯೂ ಕೆರೆಯಂತೆ ತಗ್ಗಿನಲ್ಲೇ ನಿಲ್ಲುತ್ತದೆ, ನಾಲ್ಕು ಮೆಟ್ಟಿಲು ಹತ್ತಿ ನೋಡಿದವರಿಗೆ ಅದರ ಮಟ್ಟ ಕೂಡ ಗೊತ್ತಾಗುತ್ತದೆ.

ಪತ್ರಿಕೆಯಲ್ಲಿ ಬರುವ ಎಕ್ಯೂಐ, ಅಂದರೆ ವಾಯು ಗುಣಮಟ್ಟ ಸೂಚ್ಯಂಕದ ಅಂಕಿಯನ್ನು ಓದುವುದು ಹೇಗೆ? ಭಾರತದ ಸೂಚ್ಯಂಕದಲ್ಲಿ 50ರವರೆಗೆ ಉತ್ತಮ, 100ರವರೆಗೆ ತೃಪ್ತಿಕರ, 200ರವರೆಗೆ ಮಧ್ಯಮ, ಅದರಾಚೆ ಕಳಪೆ, 300 ದಾಟಿದರೆ ಅತಿ ಕಳಪೆ, 400 ದಾಟಿದರೆ ತೀವ್ರ. ಇಷ್ಟು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದು ಒಂದಿದೆ: ಕಣಗಳ ಮಟ್ಟಿಗೆ ಅದು 24 ಗಂಟೆಯ ಸರಾಸರಿ. ಬೆಳಗಿನ ಮೂರು ತಾಸಿನ ದಟ್ಟ ಹೊಗೆಯನ್ನು ಮಧ್ಯಾಹ್ನದ ತಿಳಿಗಾಳಿ ಲೆಕ್ಕದಲ್ಲಿ ತೊಳೆದುಬಿಡುತ್ತದೆ. ಊರು ತೃಪ್ತಿಕರ ಎನಿಸಿಕೊಂಡ ದಿನವೂ ಏಳು ಗಂಟೆಗೆ ವಾಕಿಂಗ್ ಹೋದವರು ತೃಪ್ತಿಕರ ಗಾಳಿ ಕುಡಿದಿರುತ್ತಾರೆ ಎಂದೇನಿಲ್ಲ. ಆರೋಗ್ಯಕ್ಕೆಂದು ನಸುಕಿನಲ್ಲೇ ಎದ್ದು ನಡೆಯುವ ನನ್ನ ಗೆಳೆಯರಿಗೆ ಡಿಸೆಂಬರ್, ಜನವರಿಯಲ್ಲಿ ಸಂಜೆ ನಾಲ್ಕಕ್ಕೆ ನಡೆಯಿರಿ ಎಂದು ಹೇಳಿ ಹೇಳಿ ಸಾಕಾಗಿದೆ. ಬೆಳಗಿನ ಗಾಳಿ ಶುದ್ಧ ಎಂಬ ನಂಬಿಕೆ ಅಲ್ಲಾಡುವುದಿಲ್ಲ.

ಮನೆಯೊಲೆಯ ಹೊಗೆ ಎಷ್ಟು ಅನಾಹುತ ಮಾಡಬಲ್ಲದು ಎಂಬುದಕ್ಕೆ ಎಲ್ಲರೂ ಕೊಡುವ ಉದಾಹರಣೆ ಲಂಡನ್. 1952ರ ಡಿಸೆಂಬರ್ 5ರಿಂದ 9ರವರೆಗೆ ಐದು ದಿನ ಗಾಳಿ ನಿಂತಿತು, ಮುಚ್ಚಳ ಏಳಲೇ ಇಲ್ಲ. ಚಳಿ ಎಂದು ಮನೆಮನೆಯಲ್ಲೂ ಕಲ್ಲಿದ್ದಲು ಹಾಕಿದರು, ಕಾರ್ಖಾನೆಗಳ ಹೊಗೆಯೂ ಸೇರಿತು. ಜನರಿಗೆ ತಮ್ಮ ಕಾಲೇ ಕಾಣದಾಯಿತು. ಸತ್ತವರು ಸುಮಾರು 4,000 ಎಂದು ಮೊದಲು ಎಣಿಸಿದರು, ಆಮೇಲಿನ ಅಧ್ಯಯನ 12,000ದವರೆಗೂ ಹೋಯಿತು. ಇದರ ಬಳಿಕ ಅಲ್ಲಿ ಬಂದ 1956ರ ಕಾಯ್ದೆ ಮನೆಯ ಅಗ್ಗಿಷ್ಟಿಕೆಗೂ ಕೈಹಾಕಿತು. ನಮ್ಮ ಬಿಸಿಲು ನಮ್ಮನ್ನು ಆ ಗತಿಯಿಂದ ಕಾಯುತ್ತದೆ. ಡಿಸೆಂಬರಿನಲ್ಲೂ ಒಂಬತ್ತು ಒಂಬತ್ತೂವರೆಗೆಲ್ಲ ನೆಲ ಕಾದು ಮುಚ್ಚಳ ತೂತಾಗುತ್ತದೆ. ಬಳ್ಳಾರಿಯ ಬಿಸಿಲನ್ನು ಬೈಯುವವರು ಈ ಒಂದು ಉಪಕಾರವನ್ನಾದರೂ ನೆನೆಯಬಹುದು.

ಹೊರಗಿನ ಗಾಳಿಯ ಬಗ್ಗೆ ಇಷ್ಟು ಮಾತಾಡಿದರೂ ಹೊಗೆಯ ಮೊದಲ ಪಾಲು ಹೋಗುವುದು ಒಲೆಯ ಮುಂದೆ ಕೂತವಳಿಗೆ. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಕಟ್ಟಿಗೆ ಉರಿಯುವಾಗ ಕಣಗಳ ಪ್ರಮಾಣ ನೂರರ ಲೆಕ್ಕ ಬಿಟ್ಟು ಸಾವಿರದ ಲೆಕ್ಕಕ್ಕೆ ಏರಬಹುದು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಅಕಾಲದಲ್ಲಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದನ್ನು ಮಾಳಿಗೆಯಿಂದ ನೋಡಲಾಗದು, ಯಾವ ಗುಡ್ಡವೂ ಮರೆಯಾಗುವುದಿಲ್ಲ. ನಮ್ಮ ರಾಜ್ಯದಲ್ಲಿ ಇದಕ್ಕೆ ತಲೆಕೆಡಿಸಿಕೊಂಡವರಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಎಂಬ ಕೇಂದ್ರ ತುಮಕೂರು ಜಿಲ್ಲೆಯ ಉಂಗ್ರ ಹಳ್ಳಿಯಲ್ಲಿ ಕೂತು, ಒಂದೇ ಉರಿಗೆ ಮೂರು ಪಾತ್ರೆ ಇಡುವ, ಹೊಗೆಯನ್ನು ಕೊಳವೆಯಿಂದ ಸೂರಿನ ಮೇಲಕ್ಕೆ ಕಳಿಸುವ ಅಸ್ತ್ರ ಒಲೆಯನ್ನು ರೂಪಿಸಿತು. ಕಟ್ಟಿಗೆಯೂ ಉಳಿಯಿತು, ಕಣ್ಣೂ ಉಳಿಯಿತು. ಆಮೇಲೆ ಗ್ಯಾಸ್ ಬಂತು, 2016ರಲ್ಲಿ ಉಜ್ವಲಾ ಯೋಜನೆ ಬಂತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶುದ್ಧ ಇಂಧನದಲ್ಲಿ ಅಡುಗೆ ಮಾಡುವ ಮನೆಗಳು 2015-16ರಲ್ಲಿ ನೂರಕ್ಕೆ ಸುಮಾರು 55 ಇದ್ದದ್ದು 2019-21ರಲ್ಲಿ ಸುಮಾರು 80ಕ್ಕೆ ಏರಿತು. ದೊಡ್ಡ ಬದಲಾವಣೆಯೇ. ಆದರೆ ಸಮೀಕ್ಷೆ ಕೇಳುವುದು ಅಡುಗೆಗೆ ಮುಖ್ಯವಾಗಿ ಏನು ಉರಿಸುತ್ತೀರಿ ಎಂದು. ಸ್ನಾನದ ನೀರಿಗೆ ಏನು ಎಂದು ಕೇಳಿದ್ದರೆ ನಮ್ಮ ಬೀದಿಯ ಉತ್ತರ ಬೇರೆ ಇರುತ್ತಿತ್ತು. ವರ್ಷದಲ್ಲಿ ಹತ್ತು ತಿಂಗಳು ಮಾಳಿಗೆಯ ಸಿಂಟೆಕ್ಸ್ ಟ್ಯಾಂಕಿನ ನೀರು ಕೈಸುಡುವ ಊರಿನಲ್ಲಿ, ನೀರು ಕಾಯಿಸಲು ಕಟ್ಟಿಗೆ ಕೊಳ್ಳುತ್ತೇವೆ. ಸೋಲಾರ್ ಹೀಟರ್ ಹಾಕಿಸಲು ದುಡ್ಡಿಲ್ಲದವರ ಮಾತು ಬೇರೆ, ದುಡ್ಡಿದ್ದವರಿಗೆ ನಾನು ಮುಲಾಜಿಲ್ಲದೆ ಕೇಳುತ್ತೇನೆ. ಹಂಡೆಯ ನೀರಿನ ಸುಖವೇ ಬೇರೆ ಎಂಬ ಉತ್ತರ ಬರುತ್ತದೆ. ಆ ಸುಖ ನನಗೂ ಗೊತ್ತು, ಹಾಗಾಗಿ ವಾದ ಅಲ್ಲಿಗೇ ನಿಲ್ಲುತ್ತದೆ.

ಈ ಪಾಠಕ್ಕೆ ಮನೆಗೆಲಸವೂ ಇದೆ. ಒಂದು ಹಳೆಯ ನೋಟ್‌ಬುಕ್ ಸಾಕು. ನಿಮ್ಮ ಮಾಳಿಗೆಯಿಂದ ಕಾಣುವ ನಾಲ್ಕು ಗುರುತು ಆರಿಸಿಕೊಳ್ಳಿ: ಬೀದಿಯ ಕೊನೆಯ ನೀರಿನ ಟ್ಯಾಂಕ್, ಬಳ್ಳಾರಿ ಗುಡ್ಡದ ಕೋಟೆಗೋಡೆ, ಸಂಗನಕಲ್ಲಿನ ಗುಡ್ಡ, ಅದರಾಚೆ ಏನಾದರೂ ಕಂಡರೆ ಅದು. ಸಿರುಗುಪ್ಪದವರಿಗೆ ಗುಡ್ಡವಿಲ್ಲ, ರೈಸ್ ಮಿಲ್ಲಿನ ಚಿಮಣಿ, ಮೊಬೈಲ್ ಟವರ್ ನಡೆಯುತ್ತದೆ. ಏಳಕ್ಕೆ, ಹತ್ತಕ್ಕೆ, ನಾಲ್ಕಕ್ಕೆ ಯಾವುದು ಕಂಡಿತು, ಯಾವುದು ಇಲ್ಲ ಎಂದು ಬರೆಯಿರಿ. ಪಕ್ಕದಲ್ಲಿ ಪ್ಯಾರಾಪೆಟ್ ಒದ್ದೆಯೋ ಒಣಗಿದೆಯೋ, ಗಾಳಿ ಎತ್ತಲಿಂದ, ವಾಸನೆ ಏನು. ಅಕ್ಟೋಬರಿನ ಒಂದು ಒಳ್ಳೆ ಮಳೆಯ ಮರುದಿನ ಎಷ್ಟು ದೂರ ಕಂಡಿತು ಎಂಬುದನ್ನು ಮೊದಲ ಪುಟದಲ್ಲೇ ದಾಖಲಿಸಿ. ನಿಮ್ಮ ಕಣ್ಣಿನ ಮಟ್ಟಿಗೆ ಅದೇ ಅಳತೆಗೋಲು. ನನ್ನ ಪುಸ್ತಕದಲ್ಲಿ ಜನವರಿಯ ಒಂದು ಭಾನುವಾರದ ಸಾಲು ಹೀಗಿದೆ: ಏಳಕ್ಕೆ ಸಂಗನಕಲ್ಲು ಮಸುಕು, ಆದರೆ ಉಂಟು; ಎಂಟೂವರೆಗೆ ಪೂರ್ತಿ ಇಲ್ಲ. ತಲೆ ಕೆರೆದುಕೊಂಡೆ, ಬಿಸಿಲೇರಿದಂತೆ ತಿಳಿಯಾಗಬೇಕಾದದ್ದು ಕೆಟ್ಟದ್ದೇಕೆ? ಎರಡು ದಿನವಾದ ಮೇಲೆ ಹೊಳೆಯಿತು. ಭಾನುವಾರ ಊರು ಎದ್ದದ್ದು ತಡವಾಗಿ, ಒಲೆಗಳು ಹೊತ್ತಿದ್ದು ಏಳರ ಮೇಲೆ.